ಒಂಬತ್ತು ಅಡಿಯ ಕೋಣೆ, ಕಿಟಕಿಯಾಚೆ ಕಾವಿ ಬಣ್ಣದ ಗೋಡೆ: ಯಾವ ಬಣ್ಣ ಬಳಿಸಬೇಕು?

ಪ್ರಶ್ನೆ (ಡೊಂಬಿವಲಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದು ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯ ಒಂದು ಬೆಡ್‌ರೂಮಿನ ಮನೆ. ಮಲಗುವ ಕೋಣೆ 10 ಅಡಿ ಉದ್ದ, 9 ಅಡಿ ಅಗಲ. ಎತ್ತರವೂ 9 ಅಡಿಯೇ. ಮಂಚ ಮತ್ತು ಕಬ್ಬಿಣದ ಕಪಾಟು ಇಟ್ಟ ಮೇಲೆ ಓಡಾಡಲು ಎರಡು ಅಡಿಯ ಓಣಿಯಷ್ಟೇ ಉಳಿಯುತ್ತದೆ, ಅದರಲ್ಲೇ ಮಗಳು ಹತ್ತನೆಯ ತರಗತಿಯ ಪರೀಕ್ಷೆಗೆ ಓದಬೇಕು. ಇರುವ ಒಂದೇ ಕಿಟಕಿ ಪಕ್ಕದ ಸೊಸೈಟಿಯ ಗೋಡೆಗೆ ಎದುರಾಗಿದೆ; ಆ ಗೋಡೆಗೆ ಕಳೆದ ವರ್ಷ ಕಾವಿ ಬಣ್ಣ ಬಳಿದಿದ್ದಾರೆ, ನಡುವೆ ಹತ್ತು ಅಡಿಯೂ ಇಲ್ಲ.

ದೀಪಾವಳಿಗೆ ಮುಂಚೆ ಬಣ್ಣ ಮಾಡಿಸುವ ಯೋಚನೆಯಿದೆ. ಮೂರು ಗೋಡೆಗೆ ಅಪ್ಪಟ ಬಿಳಿ, ಮಂಚದ ಹಿಂದಿನ ಗೋಡೆಗೆ ಕಡು ನೀಲಿ ಬಳಿದರೆ ಕೋಣೆ ದೊಡ್ಡದಾಗಿ ಕಾಣುತ್ತದೆ ಎಂದು ಪೇಂಟರ್ ಹೇಳುತ್ತಾನೆ. ಬಾಗಿಲು ಮತ್ತು ಲಾಫ್ಟಿನ ಮುಚ್ಚಳಗಳಿಗೆ ಈಗಿರುವ ಕಂದು ಆಯಿಲ್ ಪೇಂಟೇ ಇರಲಿ ಎನ್ನುತ್ತಾನೆ. ಇದು ಸರಿಯೇ? ತಿಳಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಮಾಟುಂಗಾದಿಂದ)

ಒಳಾಂಗಣ ವಿನ್ಯಾಸದ ಕೆಲಸದಲ್ಲಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಿಮ್ಮ ಪೇಂಟರ್ ಬಣ್ಣವನ್ನು ನೋಡುತ್ತಿದ್ದಾರೆ, ಅಂಚುಗಳನ್ನು ನೋಡುತ್ತಿಲ್ಲ. ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಗೆರೆಯಲ್ಲಿ ಕಣ್ಣು ತಡೆಯುತ್ತದೆ, ಅಲ್ಲಿಗೆ ಕೋಣೆ ಮುಗಿಯಿತೆಂದು ಅನ್ನಿಸುತ್ತದೆ. ಬಿಳಿ ಗೋಡೆಯ ನಡುವೆ ಕಂದು ಬಾಗಿಲು, ಅದರ ಮೇಲೆ ಕಂದು ಲಾಫ್ಟ್, ಪಕ್ಕದಲ್ಲಿ ನೀಲಿ ಗೋಡೆ ಎಂದಾದರೆ 90 ಚದರ ಅಡಿಯ ಜಾಗ ನಾಲ್ಕು ತುಂಡಾದಂತೆಯೇ. ಬಾಗಿಲು, ಚೌಕಟ್ಟು, ಲಾಫ್ಟಿನ ಮುಚ್ಚಳ, ಸಾಧ್ಯವಾದರೆ ಆ ಕಪಾಟು ಕೂಡ ಗೋಡೆಯ ಬಣ್ಣದಲ್ಲೇ ಇರಲಿ. ಪರದೆಯೂ ಅದೇ ಛಾಯೆಯದಾಗಿದ್ದು, ಕಿಟಕಿಯ ಮೇಲಂಚಿನಿಂದಲ್ಲದೆ ಚಾವಣಿಯ ಬುಡದಿಂದ ಇಳಿದರೆ ಇನ್ನೂ ಒಳ್ಳೆಯದು.

ಇನ್ನು ಅಪ್ಪಟ ಬಿಳಿಯ ವಿಚಾರ. ಬಿಳಿಗೆ ತನ್ನದೆನ್ನುವ ಬಣ್ಣವಿಲ್ಲ, ಮೇಲೆ ಬಿದ್ದ ಬೆಳಕಿನ ಬಣ್ಣವನ್ನೇ ಅದು ತೋರಿಸುತ್ತದೆ. ನಿಮ್ಮ ಕೋಣೆಗೆ ಬರುವ ಹಗಲು ಬೆಳಕಿನ ಬಹುಪಾಲು ಆ ಕಾವಿ ಗೋಡೆಯನ್ನು ತಟ್ಟಿಯೇ ಬರುವುದರಿಂದ, ಹಗಲಿನಲ್ಲಿ ಬಿಳಿ ಗೋಡೆ ಗುಲಾಬಿ ತಿರುಗುವುದು ಬಹುಮಟ್ಟಿಗೆ ಖಚಿತ. ಹಸಿರು ಅಥವಾ ಬೂದು ಬಣ್ಣದ ಎಳೆಯೊಂದು ಬೆರೆತ ತಿಳಿ ಛಾಯೆ ಆ ಕೆಂಪನ್ನು ತಗ್ಗಿಸುತ್ತದೆ. ಶೇಡ್ ಕಾರ್ಡ್‌ನಲ್ಲಿ ಎಲ್‌ಆರ್‌ವಿ ಎಂಬ ಅಂಕಿಯಿದ್ದರೆ ಗಮನಿಸಿ: ಬಣ್ಣ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದನ್ನು ಅದು 0ಯಿಂದ 100ರವರೆಗಿನ ಅಳತೆಯಲ್ಲಿ ಹೇಳುತ್ತದೆ, ನಿಮ್ಮಂಥ ಕೋಣೆಗೆ ನಾನು 70ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಆದರೆ ಕಾರ್ಡ್ ನೋಡಿ ಮಾತ್ರ ತೀರ್ಮಾನಿಸಬೇಡಿ. ನಾಲ್ಕು ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಎರಚುವುದರಿಂದ, ಬೆರಳಗಲದ ಚೂರಿನಲ್ಲಿ ಸಪ್ಪೆಯಾಗಿ ಕಂಡದ್ದು ಕೋಣೆಯಲ್ಲಿ ಗಾಢವಾಗುತ್ತದೆ. ಎರಡಡಿಯ ಪ್ಲೈವುಡ್ ತುಂಡಿಗೆ ಎರಡು ಕೋಟ್ ಬಳಿದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಟ್ಯೂಬ್‌ಲೈಟ್ ಹಾಕಿ ಗೋಡೆಯಿಂದ ಗೋಡೆಗೆ ಸರಿಸಿ ನೋಡಿ.

ಉತ್ತರ (ಪುಣೆಯಿಂದ)

ಮೇಲಿನವರ ಮಾತಿಗೆ ನನ್ನದೊಂದು ಸೇರ್ಪಡೆಯಿದೆ. ಜರ್ಮನಿಯ ಮೈಂಜ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಚಾವಣಿ ತಿಳಿಯಾದಷ್ಟೂ ಕೋಣೆ ಎತ್ತರವಾಗಿ ಕಂಡಿತು. ಗೋಡೆಗಳ ತಿಳಿತನವೂ ಅದಕ್ಕೆ ಕೂಡಿತು, ನೆಲದ ಬಣ್ಣದಿಂದ ಮಾತ್ರ ವ್ಯತ್ಯಾಸವಾಗಲಿಲ್ಲ. ಆದ್ದರಿಂದ ನೆಲದ ಟೈಲ್ಸ್ ಬದಲಿಸಿದರೆ ಕೋಣೆ ಎತ್ತರವಾಗಿ ಕಾಣುತ್ತದೆಂದು ಯಾರಾದರೂ ಹೇಳಿದರೆ ಆ ಖರ್ಚಿಗೆ ಹೋಗಬೇಡಿ. 9 ಅಡಿಯ ಚಾವಣಿಗೆ ಗೋಡೆಗಿಂತ ಒಂದು ಮೆಟ್ಟಿಲು ತಿಳಿಯಾದ ಬಣ್ಣ ಸಾಕು.

ನೀಲಿ ಗೋಡೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನಮ್ಮ ಮನೆಯ ಪಡಸಾಲೆ ರೈಲಿನ ಡಬ್ಬಿಯಂತೆ ಉದ್ದವಾಗಿತ್ತು, ತುದಿಯ ಕಿರಿಗೋಡೆಗೆ ಕಡು ಬಣ್ಣ ಬಳಿಸಿದ ಮೇಲೆ ಅದು ಹತ್ತಿರ ಬಂದಂತಾಗಿ ಆಕಾರ ಸರಿಹೋಯಿತು. ಆದರೆ ನಿಮ್ಮದು ಹೆಚ್ಚುಕಡಿಮೆ ಚೌಕದ ಕೋಣೆ. ಅಲ್ಲಿ ಯಾವ ಗೋಡೆ ಹತ್ತಿರ ಬಂದರೂ ನಷ್ಟವೇ.

ಉತ್ತರ (ಮಡಗಾಂವ್‌ನಿಂದ)

ಛಾಯೆಯ ಚರ್ಚೆಗೆ ಮೊದಲು ಗೋಡೆ ಒಣಗಿದೆಯೇ ಎಂದು ನೋಡಿ. ನಮ್ಮ ಗೋವಾದಂತೆ ನಿಮ್ಮಲ್ಲೂ ಮಳೆಗಾಲದ ನೀರು ಅಕ್ಟೋಬರ್‌ವರೆಗೆ ಗೋಡೆಯೊಳಗೇ ಉಳಿದಿರುತ್ತದೆ. ತಿಳಿ ಬಣ್ಣದ ಮೇಲೆ ಒಂದು ಹಳದಿ ಕಲೆ ಎದ್ದರೆ ಕಣ್ಣು ಮತ್ತೆಲ್ಲಿಗೂ ಹೋಗುವುದಿಲ್ಲ. ಒಂದೂವರೆ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಹೊರಗೋಡೆಯ ಒಳಮೈಗೆ ಅಂಟಿಸಿ, ಮರುದಿನ ಬಿಚ್ಚಿ ನೋಡಿ. ಹಿಂಬದಿಯಲ್ಲಿ ಹನಿ ಕಂಡರೆ ಪುಟ್ಟಿಯನ್ನೂ ಮುಟ್ಟಬೇಡಿ.

ಬಾಗಿಲಿಗೆ ತಿಳಿ ಬಣ್ಣ ಬಳಿಸುವುದಾದರೆ ನೀರಿನಲ್ಲಿ ಕಲಸುವ ಎನಾಮೆಲನ್ನೇ ಕೇಳಿ. ಬೆಳಕು ಕಡಿಮೆಯಿರುವ ಕೋಣೆಯಲ್ಲಿ ಬಿಳಿ ಆಯಿಲ್ ಪೇಂಟ್ ಕೆಲವೇ ವರ್ಷಗಳಲ್ಲಿ ಹಳದಿಯಾಗುತ್ತದೆ. ಗೋಡೆಗೆ ಮ್ಯಾಟ್ ಎಮಲ್ಷನ್ ಇರಲಿ, ಏಕೆಂದರೆ ಹಳೆಯ ಗಿಲಾವಿನ ಉಬ್ಬುತಗ್ಗುಗಳನ್ನೆಲ್ಲ ಹೊಳಪಿನ ಬಣ್ಣ ಎತ್ತಿ ತೋರಿಸುತ್ತದೆ.

ಪ್ರಶ್ನೆ ಕೇಳಿದವರಿಂದ, ಹತ್ತು ದಿನಗಳ ನಂತರ

ಮೂವರಿಗೂ ಧನ್ಯವಾದಗಳು. ಒಂದು ಹಲಗೆಗೆ ಅಪ್ಪಟ ಬಿಳಿ, ಇನ್ನೊಂದಕ್ಕೆ ಹಸಿರಿನ ಎಳೆಯಿದ್ದ ತಿಳಿ ಬೂದು ಬಳಿದು ನೋಡಿದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಬಿಳಿ ಹಲಗೆ ಕುಂಕುಮದ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ಇನ್ನೊಂದು, ನಾವು ಕಾರ್ಡ್‌ನಲ್ಲಿ ಮಂಕೆಂದು ಬದಿಗಿಟ್ಟದ್ದೇ, ಬಿಳಿಯಾಗಿ ಕಂಡಿತು. ರಾತ್ರಿ ಟ್ಯೂಬ್‌ಲೈಟಿನಲ್ಲಿ ಅದು ತುಸು ತಣ್ಣಗೆ ಕಾಣುತ್ತದೆ, ಆದರೆ ಮಗಳಿಗೆ ಒಪ್ಪಿಗೆಯಾಗಿದೆ. ಬಾಗಿಲಿನ ಕಂದು ಬಣ್ಣವನ್ನು ಉಜ್ಜಿ ತೆಗೆಯಲು ಇನ್ನೆರಡು ದಿನದ ಕೂಲಿ ಬೇಕೆಂದು ಪೇಂಟರ್ ಗೊಣಗಿ, ಕೊನೆಗೆ ಒಪ್ಪಿಕೊಂಡಿದ್ದಾನೆ. ಕಿಟಕಿಯ ಕೆಳಗೆ ಅಂಟಿಸಿದ ಪ್ಲಾಸ್ಟಿಕ್ಕಿನ ಹಿಂದೆ ಮಾತ್ರ ಹನಿಗಳು ಸಿಕ್ಕವು, ಹಾಗಾಗಿ ಕೆಲಸವನ್ನು ದೀಪಾವಳಿಯ ನಂತರಕ್ಕೆ ಮುಂದೂಡಿದ್ದೇವೆ.