ಅಪ್‌ಡೇಟ್: ತಮ್ಮನ ರೇಟಿಂಗ್ 70 ಅಲ್ಲ, 60 ಯಾಕೆ ಅಂತ ಗೊತ್ತಾಯ್ತು

ಮೂರು ವಾರದ ಹಿಂದೆ ಇದರ ಬಗ್ಗೆ ಇಲ್ಲಿ ಕೇಳಿದ್ದೆ. ತಮ್ಮ ಅಮೆರಿಕದ ಸೈನ್ಯ ಬಿಟ್ಟು ಬಂದಿದ್ದಾನೆ. ವಿಎ (ಅಲ್ಲಿನ ಮಾಜಿ ಸೈನಿಕರ ಇಲಾಖೆ) ಕೊಟ್ಟ ಪತ್ರದಲ್ಲಿ ಅಂಗವೈಕಲ್ಯದ ರೇಟಿಂಗ್ ಬೆನ್ನಿಗೆ 40, ಮೊಣಕಾಲಿಗೆ 20, ಕಿವಿಯೊಳಗಿನ ಗುಂಯ್ ಸದ್ದಿಗೆ 10 ಪರ್ಸೆಂಟ್ ಇದೆ. ಒಟ್ಟು ಮಾತ್ರ 60 ಅಂತ ಬರೆದಿದ್ದಾರೆ. ಅಪೀಲ್ ಹಾಕಬೇಕಾ ಅಂತ ಗಾಬರಿಯಾಗಿತ್ತು.

ಬೇಕಿಲ್ಲ. "ಸುಮ್ನೆ ಕೂಡಬೇಡಿ, ಉಳಿದದ್ದರಲ್ಲಿ ಕಳೀರಿ" ಅಂದವರ ಮಾತೇ ಸರಿ. ಪೆನ್ನು ಹಿಡಿದು ಕೂತೆವು. 100ರಲ್ಲಿ 40 ಹೋದರೆ ಉಳಿಯೋದು 60. ಅದರ 20 ಪರ್ಸೆಂಟ್ 12, ಅಲ್ಲಿಗೆ 52. ಉಳಿದ 48ರ 10 ಪರ್ಸೆಂಟ್ ಸುಮಾರು 5, ಅಲ್ಲಿಗೆ 57. ಹತ್ತಿರದ ಹತ್ತಕ್ಕೆ ತಂದರೆ 60. ತಮ್ಮ ಎರಡು ಸಲ ಲೆಕ್ಕ ಹಾಕಿ ನೋಡಿ ನಿಟ್ಟುಸಿರು ಬಿಟ್ಟ.

ಹಣ ಎಷ್ಟು ಬರುತ್ತೆ ಅಂತ ತಿಳಿಯೋಕೆ ಮೂಲ ಸಂಬಳಕ್ಕೆ ಪರ್ಸೆಂಟ್ ಗುಣಿಸಿ ಅಂತ ಬಂದಿದ್ದ ಸಲಹೆ ನಮಗೆ ಹೊಂದಲಿಲ್ಲ. ಅದು ಸೈನ್ಯವೇ ಕೊಡುವ ಮೆಡಿಕಲ್ ನಿವೃತ್ತಿ ವೇತನದ ಲೆಕ್ಕ. ವಿಎ ಹಣಕ್ಕೆ ರ‍್ಯಾಂಕ್ ಲೆಕ್ಕಕ್ಕೇ ಬರಲ್ಲ, ರೇಟಿಂಗ್ ಮತ್ತು ಕುಟುಂಬ ನೋಡಿ ಪಟ್ಟಿಯಲ್ಲಿರುವ ಮೊತ್ತ ಕೊಡ್ತಾರೆ. ಅದಕ್ಕೆ ಫೆಡರಲ್ ಆದಾಯ ತೆರಿಗೆಯೂ ಇಲ್ಲ.

ನನಗೆ ಗೊತ್ತೇ ಇರದಿದ್ದ ಇನ್ನೊಂದು ವಿಷಯ: ರೇಟಿಂಗ್ 30 ಅಥವಾ ಜಾಸ್ತಿ ಇದ್ದರೆ ಹೆಂಡತಿ, ಮಕ್ಕಳಿಗಾಗಿ ಹೆಚ್ಚುವರಿ ಹಣ ಬರುತ್ತದೆ. ತಮ್ಮ ತನ್ನ ಹೆಂಡತಿಯ ಹೆಸರನ್ನೇ ಸೇರಿಸಿರಲಿಲ್ಲ! ಹೆಸರು ಸೇರಿಸೋಕೆ ಬೇಕಾದ 21-686ಸಿ ಫಾರ್ಮ್ ಮೊನ್ನೆ ಹಾಕಿದೆವು. ರೇಟಿಂಗ್ ಪತ್ರ ಬಂದ ಒಂದು ವರ್ಷದೊಳಗೆ ಹಾಕಿದರೆ ಹಿಂದಿನ ತಿಂಗಳುಗಳದ್ದೂ ಸಿಗುತ್ತದೆ, ದಯವಿಟ್ಟು ತಡ ಮಾಡಬೇಡಿ.