ಇಂಜಿನ್ನಿನ ಭಾರದ ಬಿಡಿಭಾಗಗಳನ್ನು ಬೆಳಗಾವಿಯಿಂದ ಕೊಯಮತ್ತೂರಿಗೆ ಕಳಿಸಬೇಕಾಗಿದೆ: ಪ್ಯಾಕಿಂಗ್ ಹೇಗಿರಬೇಕು?

ಪ್ರಶ್ನೆ: ಗ್ಯಾರೇಜ್ ಮನೆ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಖಾನಾಪುರ ರಸ್ತೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾರು ರಿಪೇರಿಯ ಗ್ಯಾರೇಜ್ ನಡೆಸಿದವರು. ಈಗ ಅವರ ಕೈಲಾಗದ ಕಾರಣ ಗ್ಯಾರೇಜನ್ನು ಮುಚ್ಚುತ್ತಿದ್ದೇವೆ. ಅವರು ಜೋಪಾನವಾಗಿ ಇಟ್ಟುಕೊಂಡಿದ್ದ ಸಾಮಾನುಗಳಲ್ಲಿ ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಇಂಜಿನ್ನಿನ ಒಂದು ಬ್ಲಾಕ್ (ಸಿಲಿಂಡರುಗಳಿರುವ ಮುಖ್ಯ ಭಾಗ), ಅದೇ ಇಂಜಿನ್ನಿನ ಕ್ರ್ಯಾಂಕ್ (ಪಿಸ್ಟನ್‌ಗಳ ಏರಿಳಿತದಿಂದ ತಿರುಗುವ ದಂಡ) ಮತ್ತು ಮಾರುತಿ 800ರ ಒಂದು ಸಿಲಿಂಡರ್ ಹೆಡ್ (ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ, ವಾಲ್ವ್‌ಗಳಿರುವ ಭಾಗ) ಇವೆ. ಹಳೆಯ ಕಾರುಗಳನ್ನು ಮತ್ತೆ ಓಡುವಂತೆ ಮಾಡುವ ಕೊಯಮತ್ತೂರಿನ ಒಬ್ಬರು ಮೂರನ್ನೂ ಕೊಳ್ಳಲು ಒಪ್ಪಿದ್ದಾರೆ.

ನನಗೆ ಭಯವಿರುವುದು ಸಾಗಣೆಯ ಬಗ್ಗೆ. ಕಳೆದ ವರ್ಷ ಇಂಥದೇ ಒಂದು ಮಾರುತಿ 800ರ ಹೆಡ್ಡನ್ನು ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಥರ್ಮಾಕೋಲ್ ಮತ್ತು ಹಳೆಯ ಪತ್ರಿಕೆಗಳನ್ನು ತುಂಬಿ ಪಾರ್ಸಲ್ ಲಾರಿಯಲ್ಲಿ ಕಳಿಸಿದ್ದೆ. ಪೆಟ್ಟಿಗೆಯ ಹೊರಗೆ ಹರಿದ ಗುರುತು ಒಂದೂ ಇರಲಿಲ್ಲವಂತೆ, ಆದರೆ ಒಳಗಿನ ಆರು ವಾಲ್ವ್‌ಗಳಲ್ಲಿ ಎರಡು ಬಾಗಿದ್ದವು. ತೆಗೆದುಕೊಂಡವರು ನನ್ನ ಮೇಲೆ ಸಂಶಯಪಟ್ಟರು, ನಾನು ಹಣವನ್ನು ಮರಳಿಸಿದೆ. ಹಣಕ್ಕಿಂತ ಹೆಚ್ಚಾಗಿ, ತಂದೆಯವರು ತಾವೇ ಗ್ರೈಂಡ್ ಮಾಡಿ ಕೂರಿಸಿದ್ದ ವಾಲ್ವ್‌ಗಳು ಹಾಗಾದವಲ್ಲ ಎಂಬ ನೋವು ಇಂದಿಗೂ ಇದೆ. ಪೆಟ್ಟಿಗೆಗೆ ಏನೂ ಆಗದೆ ಒಳಗಿನ ವಾಲ್ವ್ ಬಾಗುವುದು ಹೇಗೆ? ಈ ಸಲ ಏನು ಮಾಡಬೇಕು? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಲೇಥ್ ಕಾಕಾ, ಉದ್ಯಮಬಾಗ

ತಮ್ಮಾ, ಮೊದಲು ನಿನ್ನ ವಾಲ್ವ್‌ಗಳ ಸಂಗತಿಯನ್ನು ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರಿಂದಲೇ ತಿಳಿಯುತ್ತದೆ. ಪದ್ಮಿನಿಯಲ್ಲಿ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗೆ ಇರುತ್ತದೆ, ಆದ್ದರಿಂದ ಹೆಡ್ ಬಿಚ್ಚಿದ ಕೂಡಲೇ ವಾಲ್ವ್‌ಗಳೆಲ್ಲ ಸ್ಪ್ರಿಂಗಿನ ಬಲದಿಂದ ಮುಚ್ಚಿಕೊಳ್ಳುತ್ತವೆ. ಮಾರುತಿ 800ರಲ್ಲಿ ಹಾಗಲ್ಲ. ಅಲ್ಲಿ ಕ್ಯಾಮ್ ಹೆಡ್ಡಿನ ಮೇಲೆಯೇ ಕುಳಿತಿರುತ್ತದೆ, ಬಿಚ್ಚಿ ತೆಗೆದ ಮೇಲೂ ಅದು ಒಂದೆರಡು ವಾಲ್ವ್‌ಗಳನ್ನು ಒತ್ತಿ ಹಿಡಿದೇ ಇರುತ್ತದೆ. ಆ ವಾಲ್ವ್‌ಗಳ ತಲೆ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಹೆಡ್ ನಡುವಿನ ತೆಳು ಹಾಳೆ) ಕೂರುವ ಮುಖದಿಂದ ಕೆಳಗೆ ಚಾಚಿಕೊಂಡಿರುತ್ತದೆ. ನೀನು ಹೆಡ್ಡನ್ನು ಆ ಮುಖ ಕೆಳಗಾಗಿ ಥರ್ಮಾಕೋಲ್ ಮೇಲೆ ಮಲಗಿಸಿದ್ದರೆ, ಹಮಾಲರು ಪೆಟ್ಟಿಗೆಯನ್ನು ಇಳಿಸುವಾಗ ಒಂದು ಸಲ ಜೋರಾಗಿ ಬಿದ್ದರೂ ಹೆಡ್ಡಿನ ಪೂರ್ತಿ ಭಾರ ಆ ಎರಡು ವಾಲ್ವ್‌ಗಳ ಮೇಲೆಯೇ ಬಿತ್ತು. ಥರ್ಮಾಕೋಲ್ ಪುಡಿಯಾಯಿತು, ರಟ್ಟು ಹಾಗೇ ಉಳಿಯಿತು, ವಾಲ್ವ್ ಬಾಗಿತು.

ಕಾಚಿನ ಸಾಮಾನಿಗೆ ಮೆತ್ತೆ ಬೇಕು, ಅದು ಸರಿ. ಕಬ್ಬಿಣದ ಭಾರಕ್ಕೆ ಮೆತ್ತೆ ಸಾಲದು. ಒಂದು ಲೀಟರಿನಷ್ಟು ಗಾತ್ರದ ಬೀಡು ಕಬ್ಬಿಣ 7 ಕಿಲೋಗೂ ಹೆಚ್ಚು ತೂಗುತ್ತದೆ, ಅಂಥದು ಒಂದು ಇಂಚು ಅಲುಗಾಡಲು ಜಾಗ ಸಿಕ್ಕರೂ ಅದೇ ಒಳಗಿನ ಸುತ್ತಿಗೆಯಾಗುತ್ತದೆ. ಆದ್ದರಿಂದ ಬಿಡಿಭಾಗವನ್ನು ಮೊದಲು ಮರಕ್ಕೆ ಬೋಲ್ಟ್ ಹಾಕಿ ಕಟ್ಟಬೇಕು, ಆ ಮರವನ್ನು ಪೆಟ್ಟಿಗೆಯ ತಳಕ್ಕೆ ಸ್ಕ್ರೂ ಹಾಕಿ ಬಿಗಿಯಬೇಕು. ಮೊಳೆ ಬೇಡ, ಲಾರಿಯ ಕುಲುಕಾಟಕ್ಕೆ ಮೊಳೆ ಸಡಿಲಾಗಿ ಮೇಲೇಳುತ್ತದೆ.

ಹೆಡ್ಡಿಗೆ ನಾವು ಮಾಡುವುದು ಇಷ್ಟು. ಹಳೆಯ ಹೆಡ್ ಗ್ಯಾಸ್ಕೆಟನ್ನು 12 ಮಿ.ಮೀ. ಪ್ಲೈವುಡ್ ಮೇಲಿಟ್ಟು ಬೋಲ್ಟಿನ ತೂತುಗಳನ್ನು ಪೆನ್ಸಿಲ್‌ನಿಂದ ಗುರುತು ಮಾಡಿ ಕೊರೆಯುತ್ತೇವೆ. ಪ್ಲೈವುಡ್ಡಿನ ಅಂಚಿನುದ್ದಕ್ಕೂ 20 ಮಿ.ಮೀ. ದಪ್ಪದ ಮರದ ಪಟ್ಟಿ ಕೂರಿಸಿದರೆ ಚಾಚಿಕೊಂಡ ವಾಲ್ವ್‌ಗಳಿಗೆ ಕೆಳಗೆ ಖಾಲಿ ಜಾಗ ಸಿಗುತ್ತದೆ. ಕ್ಯಾಮನ್ನು ಬಿಚ್ಚಿ ಬೇರೆ ಕಳಿಸುವುದು ಇನ್ನೂ ಒಳ್ಳೆಯದು. ಹೆಡ್ ಅಲ್ಯೂಮಿನಿಯಂದಾದ್ದರಿಂದ ಬೋಲ್ಟುಗಳಿಗೆ ಅಗಲವಾದ ವಾಷರ್ ಹಾಕಿ ಪಾನಾದಿಂದ ಹದವಾಗಿ ಮಾತ್ರ ಬಿಗಿ ಮಾಡು.

ಬ್ಲಾಕಿನ ಕೆಲಸದಲ್ಲಿ ಸ್ವಲ್ಪ ಹೆಚ್ಚು ತಾಳ್ಮೆ ಬೇಕು. ಕ್ರ್ಯಾಂಕ್ ತೆಗೆದ ಮೇಲೆ ಅದನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪ್‌ಗಳನ್ನು ಅವವೇ ಜಾಗದಲ್ಲಿ, ಅವವೇ ದಿಕ್ಕಿನಲ್ಲಿ ಮರಳಿ ಕೂರಿಸಿ ಬೋಲ್ಟ್ ಹಾಕಿಬಿಡು. ಅವುಗಳನ್ನು ಬ್ಲಾಕಿನ ಜೊತೆಯಲ್ಲಿಯೇ ಬೋರ್ ಮಾಡಿರುತ್ತಾರಾದ್ದರಿಂದ ಒಂದು ಕ್ಯಾಪ್ ಕಳೆದರೂ ಬ್ಲಾಕನ್ನು ಮತ್ತೆ ಲೈನ್ ಬೋರ್ ಮಾಡಿಸಬೇಕಾಗುತ್ತದೆ, ಅಂದರೆ ಬೇರಿಂಗ್ ಕೂರುವ ತೂತುಗಳನ್ನೆಲ್ಲ ಒಂದೇ ನೇರಕ್ಕೆ ಕೊರೆಸಬೇಕು. ನಂತರ ಬ್ಲಾಕಿನ ಕೆಳಗೆ ಒಂದು, ಮೇಲೆ ಒಂದು ದಪ್ಪ ಹಲಗೆ ಇಟ್ಟು, ಮೊದಲನೆಯ ಮತ್ತು ನಾಲ್ಕನೆಯ ಸಿಲಿಂಡರಿನ ಮೂಲಕ ಉದ್ದನೆಯ ಥ್ರೆಡ್ ರಾಡ್ ಇಳಿಬಿಟ್ಟು ಎರಡೂ ಹಲಗೆಗಳನ್ನು ನಟ್ಟಿನಿಂದ ಬಿಗಿಯಬೇಕು. ರಾಡಿಗೆ ಹಳೆಯ ರಬ್ಬರ್ ಪೈಪನ್ನು ತೊಡಿಸುವುದನ್ನು ಮರೆಯಬೇಡ, ಸಿಲಿಂಡರಿನ ಒಳಗೋಡೆಗೆ ಒಂದು ಗೀರು ಬಿದ್ದರೂ ಬ್ಲಾಕಿನ ಬೆಲೆ ಹೋಯಿತು.

ಕ್ರ್ಯಾಂಕನ್ನು ಬರಿಗೈಯಿಂದ ಮುಟ್ಟಬೇಡ. ಒಮ್ಮೆ ಮಳೆಗಾಲದಲ್ಲಿ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಗ್ರೈಂಡ್ ಆದ ಕ್ರ್ಯಾಂಕನ್ನು ಬೆವರುಗೈಯಲ್ಲಿ ಎತ್ತಿಟ್ಟಿದ್ದ. ನಾಲ್ಕನೆಯ ದಿನ ನೋಡಿದರೆ ಜರ್ನಲಿನ (ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ನುಣುಪಾದ ಭಾಗ) ಮೇಲೆ ಅವನ ಹೆಬ್ಬೆರಳಿನ ಗೆರೆಗೆರೆಯೂ ತುಕ್ಕಿನ ಬಣ್ಣದಲ್ಲಿ ಮೂಡಿತ್ತು, ಪಾಲಿಶ್ ಹಿಡಿದರೂ ಪೂರ್ತಿ ಹೋಗಲಿಲ್ಲ. ಡೀಸೆಲ್‌ನಲ್ಲಿ ತೊಳೆದು, ಕಂಪ್ರೆಸರ್ ಗಾಳಿಯಿಂದ ಆಯಿಲ್ ತೂತುಗಳನ್ನು ಊದಿ ಒಣಗಿಸಿ, ತೆಳುವಾಗಿ ಗ್ರೀಸ್ ಸವರಿ, ತುಕ್ಕು ತಡೆಯುವ ವಿಸಿಐ ಕಾಗದ ಸುತ್ತು. ಪತ್ರಿಕೆಯ ಕಾಗದ ಎಂದಿಗೂ ಬೇಡ, ಅದು ತೇವವನ್ನು ಹೀರಿ ಲೋಹಕ್ಕೇ ಅಂಟಿಸಿಕೊಂಡು ಕೂರುತ್ತದೆ. ಥರ್ಮಾಕೋಲ್ ಕಾಳುಗಳಾಗಲಿ ಕಟ್ಟಿಗೆಯ ಪುಡಿಯಾಗಲಿ ಆಯಿಲ್ ತೂತಿನೊಳಗೆ ಸೇರಿದರೆ ಮುಂದೆ ಬೇರಿಂಗ್ ಸುಡುವ ಅಪಾಯವೂ ಇದೆ, ಅದಕ್ಕಾಗಿ ಎಲ್ಲ ತೂತುಗಳನ್ನೂ ಟೇಪಿನಿಂದ ಮುಚ್ಚಿಬಿಡು. ಕೊನೆಗೆ ಇಂಗ್ಲಿಷಿನ ವಿ ಆಕಾರದಲ್ಲಿ ಕತ್ತರಿಸಿದ ಎರಡು ಮರದ ತುಂಡುಗಳ ಮೇಲೆ, ಎರಡೂ ತುದಿಯ ಮೇನ್ ಜರ್ನಲ್‌ಗಳು ಕೂರುವಂತೆ ಮಲಗಿಸಿ, ಅಂಥವೇ ತುಂಡುಗಳನ್ನು ಮೇಲಿನಿಂದಲೂ ಒತ್ತಿ ಬಿಗಿಯಬೇಕು. ಜರ್ನಲ್ ಮತ್ತು ಮರದ ನಡುವೆ ಸೈಕಲ್ ಟ್ಯೂಬಿನ ಎರಡು ಸುತ್ತು ಇರಲಿ.

ಸಾಮಿಲ್ಲಿನಿಂದ ಆಗಷ್ಟೇ ಕೊಯ್ದು ತಂದ ಹಸಿ ಮರವನ್ನು ಮಾತ್ರ ಬಳಸಬೇಡ. ಅದರ ನೀರಿನಂಶವೆಲ್ಲ ಮುಚ್ಚಿದ ಪೆಟ್ಟಿಗೆಯೊಳಗೇ ಉಳಿದು ಕಬ್ಬಿಣಕ್ಕೆ ಹತ್ತುತ್ತದೆ.

ಉತ್ತರ: ಬುಕಿಂಗ್ ಆಫೀಸ್, ಬಾಗಲಕೋಟೆ

ಕಾಕಾ ಅವರು ಹೇಳಿದ ಮೇಲೆ ಪ್ಯಾಕಿಂಗ್ ಬಗ್ಗೆ ನಾನು ಸೇರಿಸುವುದು ಹೆಚ್ಚಿಲ್ಲ. ಪಾರ್ಸಲ್ ಬುಕಿಂಗ್ ಕೆಲಸದಲ್ಲಿ ಹಲವು ವರ್ಷಗಳಿಂದ ಇರುವುದರಿಂದ ಕಾಗದಪತ್ರದ ವಿಷಯದಲ್ಲಿ ಎರಡು ಮಾತು ಹೇಳಬೇಕೆನಿಸಿತು.

ನಿಮ್ಮ ಪೆಟ್ಟಿಗೆ ಬೆಳಗಾವಿಯಲ್ಲಿ ಏರಿದ ಲಾರಿಯಲ್ಲಿಯೇ ಕೊಯಮತ್ತೂರಿನವರೆಗೆ ಹೋಗುತ್ತದೆಂದು ತಿಳಿಯಬೇಡಿ. ಸಣ್ಣ ಪಾರ್ಸಲ್ ದಾರಿಯ ಗೋದಾಮುಗಳಲ್ಲಿ ಇಳಿದು ಬೇರೆ ಲಾರಿಗೆ ಏರುತ್ತದೆ, ಪ್ರತಿ ಸಲವೂ ಹೊಸ ಕೈಗಳು ಅದನ್ನು ಎತ್ತುತ್ತವೆ. ಪೆಟ್ಟಿಗೆ ಚಿಕ್ಕದಾಗಿದ್ದು ತೂಕ ಹೆಚ್ಚಾಗಿದ್ದರೆ, ನೋಡಿ ಹಗುರವೆಂದು ಎತ್ತಿದ ಹಮಾಲನ ಕೈಯಿಂದ ಜಾರುತ್ತದೆ, ಅವನ ಕಾಲಿಗೂ ಸೊಂಟಕ್ಕೂ ಪೆಟ್ಟಾಗುತ್ತದೆ. ಆದ್ದರಿಂದ ತೂಕವನ್ನು ನಾಲ್ಕೂ ಬದಿಗೆ ದಪ್ಪ ಅಂಕಿಗಳಲ್ಲಿ ಬರೆಯಿರಿ, ಮೇಲ್ಭಾಗ ಯಾವುದೆಂದು ಬಾಣದ ಗುರುತು ಹಾಕಿರಿ, ಹಿಡಿಯಲು ಎರಡು ಕಡೆ ಗಟ್ಟಿಯಾದ ಹಗ್ಗದ ಹಿಡಿಕೆ ಇಡಿರಿ. ಬ್ಲಾಕಿನ ಪೆಟ್ಟಿಗೆಯ ತಳದಲ್ಲಿ ನಾಲ್ಕು ಇಂಚು ಎತ್ತರದ ಎರಡು ಮರದ ತೊಲೆ ಇದ್ದರೆ ಟ್ರಾಲಿಯ ಕಬ್ಬಿಣದ ನಾಲಿಗೆ ಅಡಿಯಲ್ಲಿ ಹೋಗುತ್ತದೆ, ಆಗ ಯಾರೂ ಅದನ್ನು ಉರುಳಿಸುವುದಿಲ್ಲ.

ಬುಕಿಂಗ್ ಮಾಡುವಾಗ ಸರಕಿನ ನಿಜವಾದ ಬೆಲೆಯನ್ನು ಫಾರ್ವರ್ಡಿಂಗ್ ನೋಟ್‌ನಲ್ಲಿ (ಸರಕು ಒಪ್ಪಿಸುವಾಗ ತುಂಬಿ ಕೊಡುವ ಪತ್ರ) ಬರೆಸಲೇಬೇಕು. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರಡಿಯ 2011ರ ನಿಯಮಗಳ ಪ್ರಕಾರ, ಹೆಚ್ಚಿನ ದರ ಕೊಟ್ಟು ಹೆಚ್ಚಿನ ಹೊಣೆಯನ್ನು ಒಪ್ಪಿಸದಿದ್ದರೆ, ಹಾನಿಯಾದಾಗ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತವಾಗಿರುತ್ತದೆ, ಅದೂ ನೀವು ಘೋಷಿಸಿದ ಬೆಲೆಯನ್ನು ಮೀರುವಂತಿಲ್ಲ. ಬಾಡಿಗೆ 1,200 ರೂಪಾಯಿಯಾದರೆ ಸಿಗಬಹುದಾದದ್ದು ಹೆಚ್ಚೆಂದರೆ 12,000 ರೂಪಾಯಿ. ನಿಮ್ಮ ಬ್ಲಾಕಿನ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಸಾಗಣೆ ವಿಮೆ ಮಾಡಿಸಿರಿ. ಹಾನಿಯ ಬಗ್ಗೆ ನ್ಯಾಯಾಲಯಕ್ಕೆ ಹೋಗುವ ಮೊದಲು, ಬುಕಿಂಗ್ ಆದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು ಎಂಬುದೂ ನೆನಪಿರಲಿ. ಒಟ್ಟು ಬೆಲೆ 50,000 ರೂಪಾಯಿ ದಾಟುವಂತಿದ್ದರೆ ಇ-ವೇ ಬಿಲ್ಲಿನ (ಸರಕು ಸಾಗಿಸಲು ಜಿಎಸ್‌ಟಿ ಅಡಿಯಲ್ಲಿ ಆನ್‌ಲೈನ್‌ನಲ್ಲಿ ಪಡೆಯುವ ಪತ್ರ) ಮಾತನ್ನು ಮುಂಚಿತವಾಗಿಯೇ ಮುಗಿಸಿಕೊಳ್ಳಿರಿ.

ಪೆಟ್ಟಿಗೆ ಮುಚ್ಚುವ ಮೊದಲು ಒಳಗಿನ ಪ್ರತಿಯೊಂದು ಹಂತದ ಫೋಟೋ ತೆಗೆದು ಕೊಯಮತ್ತೂರಿನವರಿಗೆ ಕಳಿಸಿರಿ. ಪೆಟ್ಟಿಗೆ ಒಡೆದಂತೆ ಕಂಡರೆ ಡೆಲಿವರಿ ರಸೀದಿಯ ಮೇಲೆ ಅದನ್ನು ಬರೆದ ನಂತರವೇ ಸಹಿ ಹಾಕಬೇಕೆಂದು ಅವರಿಗೆ ಹೇಳಿರಿ. ಕಳೆದ ವರ್ಷ ನಿಮ್ಮ ಬಳಿ ಫೋಟೋಗಳು ಇದ್ದಿದ್ದರೆ ನಿಮ್ಮ ಮೇಲೆ ಸಂಶಯ ಬರುತ್ತಿರಲಿಲ್ಲ.

ಮರುಪ್ರಶ್ನೆ: ಗ್ಯಾರೇಜ್ ಮನೆ, ಬೆಳಗಾವಿ

ಕಾಕಾ, ನಿಮ್ಮ ಉತ್ತರವನ್ನು ತಂದೆಯವರಿಗೆ ಓದಿ ಹೇಳಿದೆ. ಕ್ಯಾಮ್ ಒತ್ತಿ ಹಿಡಿದ ವಾಲ್ವಿನ ಮಾತು ಬಂದ ಕೂಡಲೇ ಅವರು ಹಾಸಿಗೆಯಿಂದ ಎದ್ದು ಕುಳಿತು, "ನನ್ನನ್ನು ಒಂದು ಮಾತು ಕೇಳಬಾರದಿತ್ತೇನು?" ಎಂದರು. ಈ ಸಲ ಅವರನ್ನು ಎದುರಿಗೆ ಕೂರಿಸಿಕೊಂಡೇ ಪ್ಯಾಕ್ ಮಾಡುತ್ತೇನೆ. ಇನ್ನೊಂದು ಸಂಶಯ ಉಳಿದಿದೆ. ಕ್ರ್ಯಾಂಕನ್ನು ಬ್ಲಾಕಿನಲ್ಲಿಯೇ ಕೂರಿಸಿ ಕ್ಯಾಪ್ ಬಿಗಿದು ಒಂದೇ ಪೆಟ್ಟಿಗೆಯಲ್ಲಿ ಕಳಿಸಿದರೆ ಆಗುವುದಿಲ್ಲವೇ?

ಉತ್ತರ: ಲೇಥ್ ಕಾಕಾ, ಉದ್ಯಮಬಾಗ

ಕ್ರ್ಯಾಂಕಿನ ದೃಷ್ಟಿಯಿಂದ ನೋಡಿದರೆ ಅದಕ್ಕಿಂತ ಭದ್ರವಾದ ಜಾಗ ಬೇರೊಂದಿಲ್ಲ. ಆದರೆ ಆಗ ಸಿಲಿಂಡರಿನ ಕೆಳಗೆ ಕ್ರ್ಯಾಂಕ್ ಅಡ್ಡ ಬರುವುದರಿಂದ ನಾನು ಹೇಳಿದ ಥ್ರೆಡ್ ರಾಡ್ ಕೆಳಗಿನ ಹಲಗೆಯವರೆಗೆ ಇಳಿಯುವುದಿಲ್ಲ, ಬ್ಲಾಕನ್ನು ಹೊರಗಿನ ಪಟ್ಟಿಯಿಂದಲೇ ಕಟ್ಟಬೇಕಾಗುತ್ತದೆ. ಜೊತೆಗೆ ಎರಡರ ಭಾರವೂ ಒಂದೇ ಪೆಟ್ಟಿಗೆಗೆ ಬಂದು ಎತ್ತುವವರಿಗೆ ಕಷ್ಟವಾಗುತ್ತದೆ. ಬೇರೆ ಬೇರೆಯೇ ಕಳಿಸು. ಪೆಟ್ಟಿಗೆ ಸಿದ್ಧವಾದ ಮೇಲೆ ನಾಲ್ಕೂ ಮೂಲೆ ಹಿಡಿದು ಜೋರಾಗಿ ಅಲುಗಾಡಿಸಿ ನೋಡು, ಒಳಗಿನಿಂದ ಟಕ್ ಎಂಬ ಸಣ್ಣ ಸಪ್ಪಳ ಬಂದರೂ ಬಿಚ್ಚಿ ಮತ್ತೆ ಬಿಗಿ ಮಾಡು. ವಿಸಿಐ ಕಾಗದ ಸಿಗದಿದ್ದರೆ ಉದ್ಯಮಬಾಗಕ್ಕೆ ಬಾ, ನಮ್ಮ ಅಂಗಡಿಯಲ್ಲಿ ಒಂದು ಸುರುಳಿ ಇದೆ, ಬೇಕಾದಷ್ಟು ಕತ್ತರಿಸಿಕೊಂಡು ಹೋಗು.