ಸಿಗ್ನಲ್ಲೇ ನೆಟ್ಟಗಿಲ್ಲ, ಡಿಜಿಟಲ್‌ಗೆ ಹೋಗಿ ಅಂದರೆ ಹೇಗೆ?

ಹಳೇಪೆಟ್ಟಿಗೆ: ಆಂಟೆನಾದಲ್ಲಿ ಬರುವ ಹಳೇ ಅನಲಾಗ್ ಪ್ರಸಾರ ನಿಲ್ಲಿಸಿ ಎಲ್ಲರೂ ಡಿಜಿಟಲ್ ಟಿವಿಗೆ ಬರಬೇಕು ಅಂತಾರೆ. ನಾನೂ ಡಿಜಿಟಲ್ ಸಿಗ್ನಲ್ ಹಿಡಿಯುವ ಬಾಕ್ಸ್ ತಂದು ಹಾಕಿದೆ. ಮೊದಲು ಗ್ರೇನ್ಸ್ ಬರುತ್ತಿತ್ತು, ನಿಜ. ಆದರೂ ವಾರ್ತೆ ಓದುವವರ ಮುಖ ಕಾಣುತ್ತಿತ್ತು, ಮಾತು ಕೇಳುತ್ತಿತ್ತು. ಈಗ ಮುಖ ಚೌಕ ಚೌಕವಾಗಿ ಒಡೆಯುತ್ತದೆ, ತೆರೆದ ಬಾಯಿ ತೆರೆದಲ್ಲೇ ನಿಲ್ಲುತ್ತದೆ, ಆಮೇಲೆ ಕಪ್ಪು ಪರದೆ. ಬರುವ ಸಿಗ್ನಲ್ಲೇ ವೀಕ್ ಇರುವಾಗ ಹಳೇದನ್ನು ನಿಲ್ಲಿಸೋಕೆ ಇಷ್ಟು ಆತುರ ಯಾಕೆ?

ಛಾವಣಿ ಹತ್ತಿದವ: ಅನಲಾಗ್‌ನಲ್ಲಿ ಸಿಗ್ನಲ್ ಇಳಿದ ಹಾಗೆ ಚಿತ್ರ ಮೆಲ್ಲಮೆಲ್ಲಗೆ ಕೆಡುತ್ತದೆ. ಡಿಜಿಟಲ್‌ನಲ್ಲಿ ಒಂದು ಮಟ್ಟದವರೆಗೆ ತಪ್ಪುಗಳನ್ನು ಬಾಕ್ಸೇ ತಿದ್ದಿಕೊಳ್ಳುತ್ತದೆ, ಚಿತ್ರ ಕನ್ನಡಿ ಹಾಗಿರುತ್ತದೆ. ಅಲ್ಲಿಂದ ಒಂದೆರಡು ಡೆಸಿಬಲ್ (ಸಿಗ್ನಲ್ ಬಲದ ಅಳತೆ) ಇಳಿದರೆ ಚಿತ್ರವೇ ಇರುವುದಿಲ್ಲ. ಅಮೆರಿಕದ ಪದ್ಧತಿಯಲ್ಲಿ ಸಿಗ್ನಲ್ ನಾಯ್ಸ್‌ಗಿಂತ, ಅಂದರೆ ಜೊತೆಗೆ ಬರುವ ಬೇಡದ ಗದ್ದಲಕ್ಕಿಂತ, ಸುಮಾರು 15 ಡೆಸಿಬಲ್ ಮೇಲಿರಬೇಕು. ನೀವು ಆ ಅಂಚಲ್ಲಿ ನಿಂತಿದ್ದೀರಿ ಅನ್ಸುತ್ತೆ. ಆಂಟೆನಾ ಎಲ್ಲಿದೆ?

ಹಳೇಪೆಟ್ಟಿಗೆ: ಟಿವಿ ಹಿಂದೆ, ಗೋಡೆಗೆ ಒರಗಿಸಿದ್ದೇನೆ.

ಛಾವಣಿ ಹತ್ತಿದವ: ಅಯ್ಯೋ.

ಬಿಳಿಚುಕ್ಕಿ: ಇದೇ ನನಗೆ ಆಗದ ಮಾತು. ಚಿತ್ರ ಬರದಿದ್ದರೆ ತಪ್ಪು ಯಾವಾಗಲೂ ನೋಡುವವನದೇ, ಅಲ್ವಾ? 2008ರ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ ಇಡೀ ದೇಶಕ್ಕಿಂತ ಮೊದಲು ವಿಲ್ಮಿಂಗ್ಟನ್ ಎಂಬ ಊರಿನ ಸುತ್ತ ಪ್ರಯೋಗಕ್ಕೆ ಅನಲಾಗ್ ನಿಲ್ಲಿಸಿದರು. ಅಲ್ಲಿನ ಡಬ್ಲ್ಯುಇಸಿಟಿ ಕೇಂದ್ರ ಅನಲಾಗ್‌ನಲ್ಲಿ 6ನೇ ಚಾನಲ್‌ನಲ್ಲಿತ್ತು, ತುಂಬಾ ದೂರದವರೆಗೆ ಸಿಗುತ್ತಿತ್ತು. ಡಿಜಿಟಲ್ ಬಂದಿದ್ದು ಯುಎಚ್‌ಎಫ್‌ನಲ್ಲಿ (ಹೆಚ್ಚು ಫ್ರೀಕ್ವೆನ್ಸಿಯ ಪಟ್ಟಿ), ವ್ಯಾಪ್ತಿ ಕುಗ್ಗಿತು. ದೂರದಲ್ಲಿದ್ದ ಎಷ್ಟೋ ಜನ ಬಾಕ್ಸ್ ಇಟ್ಟುಕೊಂಡೂ ಚಾನಲ್ ಕಳೆದುಕೊಂಡರು. ಅವರೆಲ್ಲ ಆಂಟೆನಾನ ಟಿವಿ ಹಿಂದೆ ಒರಗಿಸಿದ್ದರಾ?

ಛಾವಣಿ ಹತ್ತಿದವ: ಒಪ್ಪಿದೆ. ಆದರೆ ಇನ್ನೊಂದು ಕಡೆ ನೋಡಿ. ಬ್ರಿಟನ್‌ನಲ್ಲಿ ಮೊದಲು ಡಿಜಿಟಲ್ ಸಿಗ್ನಲ್ಲನ್ನು ಬೇಕೆಂದೇ ಕಡಿಮೆ ಪವರ್‌ನಲ್ಲಿ ಬಿಡುತ್ತಿದ್ದರು, ಪಕ್ಕದ ಅನಲಾಗ್ ಚಾನಲ್‌ಗೆ ತೊಂದರೆ ಆಗಬಾರದು ಅಂತ. 2008ರಿಂದ 2012ರವರೆಗೆ ಒಂದೊಂದೇ ಪ್ರದೇಶದಲ್ಲಿ ಅನಲಾಗ್ ನಿಲ್ಲಿಸುತ್ತಾ ಹೋದ ಹಾಗೆ ಡಿಜಿಟಲ್ ಪವರ್ ಏರಿಸಿದರು. ಅಂದರೆ ಹಳೇದು ಇರುವವರೆಗೆ ಹೊಸದು ವೀಕ್ ಆಗಿಯೇ ಇತ್ತು.

ಹಳೇಪೆಟ್ಟಿಗೆ: ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಚೆನ್ನಾಗಿದೆ!

ವೈರುಗಾರ: ನಾನು ಈ ಕೆಲಸ ಮಾಡುವವನು. ಹೋದ ತಿಂಗಳು ಒಂದು ಮನೆಗೆ ಹೋಗಿದ್ದೆ. ಮೀಟರಲ್ಲಿ ಸ್ಟ್ರೆಂತ್ (ಸಿಗ್ನಲ್ ಎಷ್ಟು ಜೋರು) 90, ಕ್ವಾಲಿಟಿ (ಎಷ್ಟು ಶುದ್ಧ) 20. ಮನೆಯವರು ಸಿಗ್ನಲ್ ಸಾಲದು ಅಂತ ಬೂಸ್ಟರ್ ಮೇಲೆ ಬೂಸ್ಟರ್ ಹಾಕಿದ್ದರು. ಎರಡನ್ನೂ ಕಿತ್ತೆ. ಸ್ಟ್ರೆಂತ್ 60ಕ್ಕೆ ಇಳಿಯಿತು, ಕ್ವಾಲಿಟಿ 80ಕ್ಕೆ ಏರಿತು. ಚಿತ್ರ ಬಂತು! ಆ ಯಜಮಾನರು ನನ್ನನ್ನು ಮಾಟಗಾರನ ಹಾಗೆ ನೋಡಿದರು. ಸಿಗ್ನಲ್ ಅತಿಯಾದರೂ ಟ್ಯೂನರ್ (ಚಾನಲ್ ಹಿಡಿಯುವ ಭಾಗ) ಉಸಿರುಗಟ್ಟಿ ಕೂರುತ್ತದೆ. ಇನ್ನು ಟಿವಿ ಹಿಂದೆ ಹಾಕುವ ಬೂಸ್ಟರ್, ಕೇಬಲ್‌ನಲ್ಲಿ ಹಾಳಾಗಿ ಬಂದಿದ್ದನ್ನು ನಾಯ್ಸ್ ಸಮೇತ ದೊಡ್ಡದು ಮಾಡುತ್ತದೆ ಅಷ್ಟೇ. ಹಾಕುವುದಾದರೆ ಮೇಲೆ, ಆಂಟೆನಾ ಪಕ್ಕದಲ್ಲೇ ಹಾಕಿ. ಎರಡು ಟಿವಿಗೆ ಸ್ಪ್ಲಿಟರ್ ಹಾಕಿದರೆ ಒಂದೊಂದಕ್ಕೆ ಅರ್ಧವೂ ಪೂರ್ತಿ ಸಿಗುವುದಿಲ್ಲ. ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು, ಮಳೆ ನೀರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಟವರ್ ಕೊಟ್ಟರೂ ಕೇಬಲ್ ಬಿಡಬೇಕಲ್ಲ. ಅಂದ ಹಾಗೆ ‘ಡಿಜಿಟಲ್ ಆಂಟೆನಾ’ ಅಂತ ಬೇರೆ ಜಾತಿ ಏನೂ ಇಲ್ಲ, ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ಬಿಳಿಚುಕ್ಕಿ: ಎಲ್ಲ ಸರಿ. ಛಾವಣಿಯೇ ತನ್ನದಲ್ಲದ ಬಾಡಿಗೆದಾರ ಏನು ಮಾಡಬೇಕು? 2009ರ ಜೂನ್ 12ಕ್ಕೆ ಅಮೆರಿಕದ ದೊಡ್ಡ ಪವರ್‌ನ ಕೇಂದ್ರಗಳೆಲ್ಲ ಡಿಜಿಟಲ್ ಆದಾಗ ಫಿಲಡೆಲ್ಫಿಯಾದ ಡಬ್ಲ್ಯುಪಿವಿಐ ಕೇಂದ್ರ ತನ್ನ ಹಳೇ 6ನೇ ಚಾನಲ್‌ಗೇ ವಾಪಸ್ ಹೋಯಿತು. ಮನೆಯೊಳಗಿನ ಆಂಟೆನಾ ನಂಬಿದ್ದ ಎಷ್ಟೋ ಜನಕ್ಕೆ ಚಾನಲ್ ಸಿಗಲಿಲ್ಲ. ದೂರು ಜಾಸ್ತಿಯಾಗಿ ಕೊನೆಗೆ ಅನುಮತಿ ಪಡೆದು ಪವರ್ ಏರಿಸಬೇಕಾಯಿತು. ಮೊದಲೇ ಮನೆಯೊಳಗೆ ಮೀಟರ್ ಇಟ್ಟು ನೋಡಿದ್ದರೆ ಗೊತ್ತಾಗುತ್ತಿರಲಿಲ್ಲವಾ? ನಕ್ಷೆಯಲ್ಲಿ ಬಣ್ಣ ಬಳಿದು ‘ಇಲ್ಲೆಲ್ಲಾ ಸಿಗುತ್ತೆ’ ಅಂದುಬಿಡುತ್ತಾರೆ. ಆ ಲೆಕ್ಕ ಎಷ್ಟೋ ಸಲ ಛಾವಣಿಯ ಮೇಲಿನ ಆಂಟೆನಾಗೆ ಹಾಕಿದ್ದು.

ವೈರುಗಾರ: ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಒದ್ದೆ ಎಲೆಯ ಮರ ಎದುರಿಗಿದ್ದರೂ ಯುಎಚ್‌ಎಫ್ ಸೋಲುತ್ತದೆ. ಅದು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಹಳೇಪೆಟ್ಟಿಗೆ: ಅಪ್‌ಡೇಟ್. ಆಂಟೆನಾ ಕಿಟಕಿಗೆ ಕಟ್ಟಿ ಮತ್ತೆ ಸ್ಕ್ಯಾನ್ ಮಾಡಿದೆ. ಒಬ್ಬರು ರಿಮೋಟ್ ಹಿಡಿದು ‘ಬಂತು, ಹೋಯ್ತು’ ಅನ್ನುವುದು, ನಾನು ಕೂದಲೆಳೆ ಕೂದಲೆಳೆ ತಿರುಗಿಸುವುದು. ಎಷ್ಟು ವರ್ಷವಾಗಿತ್ತು ಈ ಆಟ ಆಡಿ! ಈಗ ಎಲ್ಲ ಬರುತ್ತಿದೆ, ಒಂದು ಬಿಟ್ಟು. ಅದು ಮಿಕ್ಸಿ ಹಾಕಿದರೆ ಸಾಕು, ಒಡೆಯುತ್ತದೆ.

ವೈರುಗಾರ: ಅದರ ಫ್ರೀಕ್ವೆನ್ಸಿ ಎಷ್ಟು? ಪರದೆ ಮೇಲಿನ ನಂಬರ್ ನಂಬಬೇಡಿ, ಅದು ಬರೀ ಹೆಸರಿಗೆ.

ಹಳೇಪೆಟ್ಟಿಗೆ: 177 ಮೆಗಾಹರ್ಟ್ಸ್ ಅಂತಿದೆ.

ವೈರುಗಾರ: ಹಾಗಾದರೆ ವಿಎಚ್‌ಎಫ್, ಯುಎಚ್‌ಎಫ್‌ಗಿಂತ ಕೆಳಗಿನ ಫ್ರೀಕ್ವೆನ್ಸಿ. ಮೋಟಾರಿನ ಕಿಡಿ ಅದಕ್ಕೆ ಜಾಸ್ತಿ ತಾಗುತ್ತದೆ. ನಿಮ್ಮ ಚಪ್ಪಟೆ ಆಂಟೆನಾ ಅದಕ್ಕೆ ತೀರಾ ಚಿಕ್ಕದು. ಎರಡು ಕಡ್ಡಿಯದು ಬೇಕು, ಒಂದೊಂದು ಕಡ್ಡಿ 40 ಸೆಂಟಿಮೀಟರ್ ಆಸುಪಾಸು ಎಳೆದು ಅಡ್ಡ ಇಡಿ. ಹಳೇದನ್ನು ಬಿಸಾಡಿಲ್ಲ ತಾನೇ?

ಹಳೇಪೆಟ್ಟಿಗೆ: ಅಟ್ಟದಲ್ಲಿದೆ. ಒಂದು ಕಡ್ಡಿ ಮುರಿದಿದೆ.